ಊರಮ್ಮ ಬಿಡಿಸಿದ ನಲ್ಲಿ ನೀರು

ಸೂಕ್ಷ್ಮಜೀವಿಶಾಸ್ತ್ರ ಓದಿ ಹರಪನಹಳ್ಳಿ ಸೀಮೆಯಲ್ಲಿ ನೀರು ಪರೀಕ್ಷೆ ಮಾಡುವವನು ನಗಲಿಕ್ಕೆ ವಿಷಯ ಹುಡುಕಬೇಕಾಗಿಲ್ಲ. ಎಲ್ಲಾದರೂ ವಾಂತಿ-ಭೇದಿ ಶುರುವಾದರೆ ಸಾಕು. ಈ ಸಲ ಹಲವಾಗಲು ಎಂಬ ಊರಿನ ದಾರಿಯ ಒಂದು ಹಳ್ಳಿ. ನಾನು ಹೋಗುವಷ್ಟರಲ್ಲಿ ಒಬ್ಬ ಮುದುಕಿ ಸತ್ತಿದ್ದಳು. ಊರಿಗೆ ನೀರು ಬಿಡುವ ನೀರುಗಂಟಿಯ ಮಗಳು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು.

ಮರ್ಯಾದೆ

ನೀರುಗಂಟಿಗೆ ಬಾಟಲಿ ಕೊಟ್ಟು ಊರ ನೀರು ತುಂಬಿಸಿ ಕಳಿಸಲು ಹೇಳಿದೆ. ಪರೀಕ್ಷೆಯಲ್ಲಿ ಒಂದು ದೋಷವೂ ಇಲ್ಲ. ಭೇದಿ ಮಾತ್ರ ನಿಲ್ಲಲಿಲ್ಲ.

"ಇದು ನಲ್ಲಿ ನೀರೇನಪ್ಪ?"

"ಇಲ್ರಿ ಸರ, ಫಿಲ್ಟರ್ ನೀರು. ಆಫೀಸಿಗೆ ಹೊಲಸು ನೀರು ಹೆಂಗ ಕಳಿಸೋದ್ರಿ? ಊರ ಮರ್ಯಾದಿ ಐತಿ."

"ಮತ್ತ ನೀವು ಕುಡಿಯೋದು?"

"ನಮಗೆಲ್ಲೀ ಮರ್ಯಾದಿರಿ? ನಲ್ಲೀದ ಕುಡಿತೀವಿ."

ವಾಸನೆ

ನಾನೇ ಹಿಡಿದು ತಂದ ನಲ್ಲಿ ನೀರು ಪರೀಕ್ಷೆಯ ಬಾಟಲಿಯಲ್ಲಿ ಇದ್ದಿಲಿನಂತೆ ಕಪ್ಪಾಯಿತು. ಮಲ ಸೇರಿದ್ದರೆ ಹಾಗಾಗುತ್ತದೆ. ಪೈಪು ಚರಂಡಿಯೊಳಗೆ ಒಡೆದಿತ್ತು. ಹೊಸ ಪೈಪಿಗೆ ಎಂಜಿನಿಯರಿಗೆ ಹೇಳಿ, ಸದ್ಯಕ್ಕೆ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿಸಿದೆ. ಒಬ್ಬ ಅಜ್ಜಿ ಚೊಂಬು ಹಿಡಿದು ಜಗಳಕ್ಕೇ ಬಂದಳು.

"ಏನ್ ಹಾಕೀಯೋ ಯಪ್ಪಾ ಇದಕ್ಕ? ಮೂಗಿನ ಹತ್ರ ಒಯ್ಯಾಕ ಆಗವಲ್ದು."

"ಔಷಧಿ ಅಜ್ಜಿ. ನೀರಿಗೆ ಚರಂಡಿ ಸೇರೈತಿ."

"ಸೇರಿದ್ರ ಸೇರ್ಲಿ ಬಿಡು. ಅದು ಇಷ್ಟು ನಾರ್ತಿದ್ದಿಲ್ಲ."

ಊರವರ ಗದ್ದಲಕ್ಕೆ ಮರುದಿನ ಪುಡಿ ಹಾಕುವುದು ನಿಂತಿತು. ಭೇದಿ ಮುಂದುವರಿಯಿತು.

ಹೊರಬೀಡು

ಕೊನೆಗೆ ರೋಗ ಹೋಗಲೆಂದು ಊರಮ್ಮನ ಹೆಸರಲ್ಲಿ ಹೊರಬೀಡು ನಿಗದಿಯಾಯಿತು. ಅಂದು ಇಡೀ ಊರು ದನಕರು ಸಮೇತ ಹೊರಟು ಹೊಲದಲ್ಲಿ ಉಣ್ಣುತ್ತದೆ. ಹೊತ್ತು ಮುಳುಗುವವರೆಗೆ ಊರೊಳಗೆ ಯಾರೂ ಕಾಲಿಡುವಂತಿಲ್ಲ. ಕುಡಿದದ್ದು ಹೊಲದ ಬೋರಿನ ನೀರು, ಪರೀಕ್ಷಿಸಿದ್ದೆ, ಶುದ್ಧವಾಗಿತ್ತು. ನನ್ನ ಡಿಗ್ರಿಯಿಂದ ಆಗದ್ದನ್ನು ಅಮ್ಮ ಮಾಡಿದ್ದಳು: ಊರು ಒಂದು ದಿನದ ಮಟ್ಟಿಗೆ ನಲ್ಲಿ ನೀರು ಕುಡಿಯುವುದನ್ನು ಬಿಟ್ಟಿತ್ತು. ಆಸ್ಪತ್ರೆಯಿಂದ ಬಂದಿದ್ದ ನೀರುಗಂಟಿಯ ಮಗಳು ಬೇವಿನ ನೆರಳಲ್ಲಿ ಅಂಬಲಿ ಕುಡಿಯುತ್ತಿದ್ದಳು. ಸಂಜೆ ಮನೆಗೆ ಹೋದರೆ ಮತ್ತೆ ಅದೇ ನಲ್ಲಿ.

ನಾಚಿಕೆ ಬಿಟ್ಟು ಊರಮ್ಮನ ಪೂಜಾರಿಯನ್ನು ಕೇಳಿದೆ. "ಪೈಪ್ ಹಾಕೋ ತನಕ ಬೋರಿನ ನೀರೇ ಕುಡೀರಿ ಅಂತ ಅಮ್ಮನ ಬಾಯಾಗ ಹೇಳಸ್ರಿ."

"ಹೇಳಸ್ತೀನ್ರಿ. ಆದ್ರ ಗಡುವು ಬೇಕು, ಇಲ್ಲಂದ್ರ ಜನ ಕೇಳಂಗಿಲ್ಲ. ಪೈಪ್ ಯಾವತ್ತು?"

ನೀರುಗಂಟಿ ಖಾಲಿ ಕೊಡ ಹಿಡಿದು ಪಕ್ಕದಲ್ಲಿ ಬಂದು ನಿಂತ. ನಾನು ಎಂಜಿನಿಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ಬರೋ ಸೋಮವಾರ ಹಾಕಿಸ್ತೀನ್ರಿ, ಗ್ಯಾರಂಟಿ."

ಪೂಜಾರಿ ಕೈ ಮುಗಿದ.

"ಈ ಸುದ್ದಿಗೆ ಅಮ್ಮನ್ನ ಎಳೀಬ್ಯಾಡ್ರಿ ಸರ. ಆಕಿ ಇಲ್ಲೀತನ ಒಂದೂ ಸುಳ್ಳು ಹೇಳಿಲ್ಲ."