ಷಡ್ಡಕ ತಂದ ಎಣ್ಣಿ ಹೊಡಿಯೋ ಗಾಡಿ

ಮಂದಿ ಏನರ ತಗೊಂಡ್ರ ಹೊಟ್ಟಿ ಉರಿಯೂದು ಒಂದ ಥರಾ. ನಾವು ಮೊದ್ಲ ನೋಡಿ, ಮನಸ್ಸಿನ್ಯಾಗ ನಮ್ದ ಅಂತ ಮಾಡ್ಕೊಂಡ ಬಂದಿದ್ದನ್ನ ಸ್ವಂತ ಷಡ್ಡಕ ತಗೊಂಡ್ರ ಉರಿಯೂದು ಬ್ಯಾರೇನ ಥರಾ. ನನ್ನ ನಶೀಬದಾಗ ಯಾವಾಗ್ಲೂ ಈ ಎರಡನೇದ ಬರತೈತಿ. ಮೊದ್ಲ ಒಂದ ಎಮ್ಮಿ ಹಿಂಗ ಆತು, ಆಮ್ಯಾಲ ರೋಡ್ ಬಾಜೂಕಿನ ಪ್ಲಾಟ್ ಹಿಂಗ ಆತು, ಈಗ ಈ ಗಾಡಿ.

ನಮ್ಮ ಮಾವನ ಊರು ಗೋಕಾಕ ತಾಲೂಕು. ಅವರಿಗೆ ಇಬ್ರು ಹೆಣ್ಣಮಕ್ಕಳು. ಹಿರೇ ಅಳಿಯಾ ನಾನು, ಮೂಡಲಗಿ ಕಡೆಯಾಂವ. ಸಣ್ಣ ಅಳಿಯಾ, ಅಂದ್ರ ನನ್ನ ಷಡ್ಡಕ, ಹುಕ್ಕೇರಿ ಕಡೆಯಾಂವ. ಇಷ್ಟ ವರ್ಷ ಆ ಮನ್ಯಾಗ ಎತ್ತ ತರೂದಿರ್ಲಿ, ಬೋರ್ ಹೊಡಸೂದಿರ್ಲಿ, "ಹಿರೇ ಅಳಿಯಾರ್ನ ಒಂದ ಮಾತ ಕೇಳ್ರಿ" ಅಂತಿದ್ರು. ಆ ಮಾತ ಕೈ ಬಿಟ್ಟ ಹೋಗೂ ಹೊತ್ತ ಬಂತಲ್ಲ, ಅದ ನನ್ನ ಸಂಕಟ.

ಹೆಸರಿಟ್ಟಾಂವಗ ಹೆಣ್ಣಿಲ್ಲ

ಹತ್ತರಗಿ ಹತ್ರ ಒಬ್ರು ಹಿರೇ ರೈತರು ಎಣ್ಣಿ ಹೊಡಿಯೋ ಗಾಡಿ ಮಾರಾಕ ಇಟ್ಟಾರಂತ ಸುದ್ದಿ ಬಂತು. ನಮ್ಮ ಕಡೆ ಬೆಳಿಗೆ ಹೊಡಿಯೋ ಔಷಧಕ್ಕ ಎಣ್ಣಿ ಅಂತೀವಿ. ಬೆನ್ನಿಗೆ ಪಂಪ ಕಟ್ಕೊಂಡ ಹೊಡಿಯೂದಲ್ಲ ಇದು. ತನ್ನ ಇಂಜಿನ್ ಮ್ಯಾಲ ತಾನ ಓಡತೈತಿ, ಆಳೆತ್ತರದ ಗಾಲಿ, ಎರಡೂ ಬಾಜೂ ರೆಕ್ಕಿ ಬಿಚ್ಚಿ ಒಂದ ಸಲಕ್ಕ ಹತ್ತಾರು ಸಾಲಿಗೆ ಹೊಡಿತೈತಿ. ನೋಡಿದ ಕೂಡ್ಲೆ ನನ್ನ ಜೀವಾ ಅದರ ಮ್ಯಾಲ ಹೋಗಿ ಕುಂತ ಬಿಡ್ತು.

ಆದ್ರ ವ್ಯಾಪಾರದಾಗ ಆಸೆ ತೋರಸಬಾರದು ಅನ್ನೂದು ನನ್ನ ಪದ್ಧತಿ. ನನ್ನ ಶ್ಯಾಣ್ಯಾತನ ನೋಡ್ಲಿ ಅಂತ ಷಡ್ಡಕನ್ನೂ ಜೋಡಿ ಕರ್ಕೊಂಡ ಹೋಗಿದ್ನಿ. ಟೈರ್ ಒದ್ದ್ನಿ. ಟಾಕಿ ಬಡದ್ನಿ. ಬಣ್ಣಾ ಹೋಗೇತಿ ಅಂದ್ನಿ, ಇಂಜಿನ್ ಕೆಮ್ಮತೈತಿ ಅಂದ್ನಿ, ರೆಕ್ಕಿ ಸೊಟ್ಟ ಆಗೇತಿ ಅಂದ್ನಿ. ಕಡೀಕ ತಾಸಿನ ಮೀಟರ್ ನೋಡಿ ಹಣಿ ಬಡ್ಕೊಂಡ್ನಿ.

"ಏನ್ ಯಜಮಾನ್ರ, ಏಳ ಸಾವಿರ ತಾಸ ಓಡೇತಿ! ಇದನ್ನ ಗುಜರಿಗೆ ಹಾಕೂದ ಬಿಟ್ಟ ನಮಗ್ಯಾಕ ತೋರಸ್ತೀರಿ?"

"ನಾನೂ ಅರವತ್ತೈದ ವರ್ಷ ಓಡೇನ್ರಿ," ಅಂದ್ರು ಅವರು. "ನನ್ನೂ ಗುಜರಿಗೆ ಹಾಕೂಣೇನ?"

ಷಡ್ಡಕ ಮಾತ್ರ ಗಾಡಿ ಸುತ್ತ ಒಂದ ಸುತ್ತ ಬಂದು, ಮ್ಯಾಲ ಕೈ ಆಡಿಸಿ, "ಛಲೋ ಇಟ್ಕೊಂಡೀರ್ರಿ ಕಾಕಾ" ಅಂದ. ಅಷ್ಟ.

ನಾಕ ದಿನ ಕಾಯಿಸಿದ್ರ ಯಜಮಾನ್ರು ಮೆತ್ತಗ ಆಗ್ತಾರಂತ ನಾ ಸುಮ್ಮ ಕುಂತ್ನಿ. ಆಮ್ಯಾಲ ಹೋದ್ರ ಗಾಡೀನ ಇಲ್ಲ! ಷಡ್ಡಕನ ಅಂಗಳದಾಗ ಐತಂತ. ಆಂವಗ ಫೋನ್ ಹಚ್ಚಿದ್ರ, "ನೀವ ಗುಜರಿ ಅಂದ್ರೆಲ್ಲ ಅಣ್ಣಾರ, ನಿಮಗ ಬ್ಯಾಡಾತು ಅಂತ ತಿಳ್ಕೊಂಡ್ನಿ" ಅಂದ. ಸಿಟ್ಟ ಯಜಮಾನ್ರ ಮ್ಯಾಲ ಹೋತು.

"ಮೊದ್ಲ ನೋಡಿದಾಂವ ನಾನ್ರಿ!" ಅಂತ ಒದರಿದ್ನಿ.

ಅವರು ಸಾವಕಾಶ ಎಲಿ ಅಡಿಕಿ ಹಾಕ್ಕೊಂಡ್ರು. "ನೋಡಿದ್ದೇನೋ ಖರೆ. ಹೆಣ್ಣ ನೋಡಾಕ ಬಂದು, ಹೆಣ್ಣಿಗೆ ಅದು ಸೊಟ್ಟ ಇದು ಸೊಟ್ಟ ಅಂತ ಹೆಸರಿಟ್ಟು, ಮ್ಯಾಲ ಕಾಲಿಲೆ ಒದ್ದ ಹೋದಾಂವಗ ಯಾರರ ಹೆಣ್ಣ ಕೊಡ್ತಾರೇನ್ರಿ?"

ಸ್ಟೇಟಸ್

ಮನಿಗೆ ಬಂದು ಹೆಂಡ್ತಿ ಮುಂದ ಹೇಳಿದ್ನಿ, "ನಿನ್ನ ತಂಗಿ ಗಂಡ ಹಾಳಬಾವಿಗೆ ಬಿದ್ದಾ. ಗುಜರಿ ತಂದಾನ."

"ಗುಜರಿ ನೋಡಾಕ ನೀವ್ಯಾಕ ಇಸ್ತ್ರಿ ಅಂಗಿ ಹಾಕ್ಕೊಂಡ ಹೋಗಿದ್ರಿ?" ಅಂದ್ಲು.

ಅವತ್ತಿಂದ ಈಕಿ ತಂಗಿ ಮೊಬೈಲಿನ್ಯಾಗ ದಿನಾ ಒಂದ ಸ್ಟೇಟಸ್. ಗಾಡಿಗೆ ಮಾಲಿ ಹಾಕಿದ್ದು, ಗಾಡಿ ರೆಕ್ಕಿ ಬಿಚ್ಚಿದ್ದು, ಗಾಡಿ ಮ್ಯಾಲ ಆಕಿ ಸೀರಿ ಉಟ್ಕೊಂಡ ಕುಂತಿದ್ದು. ನನಗ ಉಂಡ ಅನ್ನ ಮೈಗೆ ಹತ್ತವಲ್ದು. ಒಂದ ದಿನ ತಡೀಲಾರದ ಹೆಂಡ್ತಿಗೆ ಬೈದ್ನಿ, "ಮಂದಿ ಗಾಡಿ ಫೋಟೋ ಏನ ದಿನಾ ನೋಡ್ತೀಯ? ಕೆಲಸಿಲ್ಲೇನ ನಿನಗ?"

"ನಾ ಎಲ್ಲಿ ನೋಡೇನ್ರಿ? ನನಗ ರೊಟ್ಟಿ ಬಡಿಯೂದ ಮುಗಿಯವಲ್ದು," ಅಂದ್ಲು ಆಕಿ. "ಯಾರ ಯಾರ ನೋಡಿದ್ರು ಅನ್ನೂದು ತಂಗಿ ಫೋನಿನ್ಯಾಗ ಬರತೈತಂತ. ಹಾಕಿದ ಕೂಡ್ಲೆ ಎಲ್ಲಾರಗಿಂತ ಮೊದ್ಲ ನೋಡೋರು ಮಾಮಾರಂತ, ನೀವ! ನಮ್ಮ ಮ್ಯಾಲ ಎಷ್ಟ ಜೀವಾ ಅಂತ ಪಾಪ, ಅಳಾಕ ಬಂದಿತ್ತು ಆಕಿಗೆ."

ಯಾರದ್ರಿ ಗಾಡಿ?

ಮಾವನ ಹೊಲದಾಗ ಸೋಯಾಬೀನಕ್ಕ ಎಣ್ಣಿ ಹೊಡಿಯಾಕ ಷಡ್ಡಕ ಗಾಡಿ ತಂದ. ಅವತ್ತ ನಾನೂ ಹೋದ್ನಿ, ಗೋಕಾಕದಾಗ ಇಳದು ಕರದಂಟ ಕಟ್ಟಿಸ್ಕೊಂಡು. ಯಾವತ್ತೂ ನಾ ಬಾಗಲಕ್ಕ ಬಂದ್ರ ಚರಿಗಿ ನೀರ ಬರೂದು, ಜಮಖಾನಿ ಬೀಳೂದು. ಅವತ್ತ ಮನ್ಯಾಗ ನರಪಿಳ್ಳಿ ಇಲ್ಲ. ಎಲ್ಲಾರೂ ಹೊಲದಾಗ ಗಾಡಿ ಸುತ್ತ ನಿಂತಿದ್ರು. ಕರದಂಟಿನ ಡಬ್ಬಿ ಹಿಡ್ಕೊಂಡ ನಾನೂ ಅಲ್ಲೇ ಹೋದ್ನಿ. ನಮ್ಮ ಮಾವ ಮ್ಯಾಲ ಕುಂತ ನಗಾಕತ್ತಿದ್ರು. ನನ್ನ ಮದಿವಿ ಆದಾಗಿಂದ ಆ ಮನಷ್ಯಾರ ಹಲ್ಲ ನಾ ನೋಡಿರಲಿಲ್ಲ.

"ಅಣ್ಣಾರ, ನೀವೂ ಹತ್ರಿ," ಅಂತ ಷಡ್ಡಕ ಕೈ ಹಿಡದ. ಬ್ಯಾಡ ಬ್ಯಾಡ ಅನಕೋತನ ಹತ್ತಿದ್ನಿ. ಮ್ಯಾಲ ಕುಂತ ನೋಡಿದ್ರ, ಅಬಬಬ! ನಾಕ ಊರ ಕಾಣತಾವು. ಇಳಿಯಾಕ ಮನಸ್ಸ ಆಗ್ಲಿಲ್ಲ. ಮಂದಿ ಊಟಕ್ಕ ಹೋದ್ರೂ ನಾ ಸ್ಟೇರಿಂಗ್ ಹಿಡ್ಕೊಂಡ ಕುಂತಿದ್ನಿ. ದಾರಿ ಹಿಡದ ಹೊಂಟಿದ್ದ ಒಬ್ಬ ಮುದುಕ ನಿಂತ ಕೇಳಿದ, "ಯಾರದ್ರಿ ಸಾವಕಾರ್ರ, ಗಾಡಿ?"

ಸುತ್ತ ನೋಡಿದ್ನಿ. ಯಾರೂ ಕಾಣಲಿಲ್ಲ. "ನಮ್ದ ರೀ," ಅಂದ್ನಿ.

ಟಾಕಿ ಹಿಂದಿಂದ ಷಡ್ಡಕನ ದನಿ ಬಂತು. "ಹೌದ್ರಿ ಅಜ್ಜಾ, ನಮ್ಮ ಅಣ್ಣಾರ್ದ. ನಾ ಬರೇ ನಡಸಾಂವ."

ಆಂವ ಒಂದೀಟ ಸೊಕ್ಕ ಮಾಡಿದ್ರ ನನಗ ಎಷ್ಟ ಸಮಾಧಾನ ಆಕ್ಕಿತ್ತು! ಅದೂ ಮಾಡವಲ್ಲ, ಸುಡುಗಾಡ.

ಹಿರ್ಯಾರ ಮುಂದ

ನಿಡಸೋಸಿ ಕಡೆ ನಮ್ಮ ದೂರದ ಬೀಗ್ರು ಒಬ್ರು ಅದಾರ. ಹಣಿ ತುಂಬ ವಿಭೂತಿ, ಹೊಲಾನೂ ಭಾಳ. ಒಂದ ದಿನ ಫೋನ್ ಮಾಡಿ ಯೋಗಕ್ಷೇಮ ಎಲ್ಲಾ ಕೇಳಿ, "ನಿಮ್ಮ ಷಡ್ಡಕ ಈಗೇನ ಮಾಡಾಕತ್ತಾನ್ರಿ?" ಅಂದ್ರು.

ಕುಡಿಯೂ ಸೆರೆಗೂ ಈಗ ಮಂದಿ ಎಣ್ಣಿ ಅಂತಾರಲ್ಲ. ನನ್ನ ನಾಲಿಗಿ ಸುಮ್ಮ ಕುಂದರಲಿಲ್ಲ. "ಏನ ಮಾಡ್ತಾನ್ರಿ, ಹೊತ್ತ ಹೊಂಟ್ರ ಸಾಕು, ಎಣ್ಣಿ ಹೊಡಿತಾನ."

"ಶಿವ ಶಿವಾ! ಭಾಳ ಹೊಡಿತಾನೇನ?"

"ಟಾಕಿಗಟ್ಲೆ ಹೊಡಿತಾನ್ರಿ. ಈಗಂತೂ ಮಂದಿ ಕರದ ಕರದ ಹೊಡಸ್ತಾರ."

"ಮಾವಗ ಗೊತ್ತಾಗೇತೇನ್ರಿ?"

"ಮಾವಾರ ಮುಂದ ನಿಂತ ಹೊಡಿಸ್ಯಾರ್ರಿ!"

ಅವರು ಗಡಬಡಿಸಿ ಫೋನ್ ಇಟ್ರು. ನನಗ ಹಾಲ ಕುಡದಷ್ಟ ಸಂತೋಷ ಆತು. ಒಂದ ಸುಳ್ಳ ಹೇಳಿರಲಿಲ್ಲ, ನೋಡ್ರಿ.

ಎರಡ ದಿನ ಬಿಟ್ಟು ಅವರು ಮತ್ತಿಬ್ರು ಹಿರ್ಯಾರ್ನ ಕರ್ಕೊಂಡು, ಹುಡುಗಗ ಬುದ್ಧಿ ಹೇಳೂಣಂತ ಷಡ್ಡಕನ ಹೊಲಕ್ಕ ಹೋದ್ರಂತ. ಆಂವ ರೆಕ್ಕಿ ಬಿಚ್ಕೊಂಡ ಕಬ್ಬಿಗೆ ಹೊಡಿಯಾಕತ್ತಿದ್ದ. ಮೂವರೂ ಬದುವಿನ ಮ್ಯಾಲ ನಿಂತ ನೋಡ್ಯಾರ. ಸಂಜೀಕ ನನಗ ಫೋನ್ ಬಂತು.

"ಹಿಂಗ ಎಣ್ಣಿ ಹೊಡಿಯೋ ಮನಷ್ಯಾ ಊರಿಗೊಬ್ಬ ಬೇಕ್ರಿ! ನಮ್ದು, ನಮ್ಮ ಅಣ್ಣತಮ್ಮರ್ದು, ಎಲ್ಲಾ ಹೊಲಾ ಆಂವಗ ಹೇಳಿ ಬಂದೇವಿ. ನೀವ ತಿಳಿಸಿದ್ದ ಉಪಕಾರ ಆತು."

ಉಪ್ಪು ಮೆಣಸಿನಕಾಯಿ

ಇಷ್ಟೆಲ್ಲಾ ಆದ ಮ್ಯಾಲ ನನ್ನ ಗೋವಿನಜೋಳಕ್ಕ ಲದ್ದಿ ಹುಳ ಬಿತ್ತು. ಸುಳಿಯಾಗ ಕುಂತ ಕರಕರ ತಿನ್ನಾಕತ್ತಾವು. ಬೆಳಿ ಆಳೆತ್ತರ ಆಗೇತಿ, ಒಳಗ ಹೋಗಿ ಹೊಡಿಯಾಕ ಯಾವ ಆಳೂ ಒಲ್ಲೆ ಅಂತಾರ. ಹೆಂಡ್ತಿ, "ತಂಗಿ ಗಂಡಗ ಒಂದ ಮಾತ ಹೇಳ್ರಿ" ಅಂತಾಳ. ನಾ ಅನ್ನವಲ್ಲೆ. ಹೊಟ್ಟಿಯಾಗ ನನ್ನ ಕಿಚ್ಚು, ಹೊಲದಾಗ ಹುಳ, ಎರಡೂ ತಿನ್ನಾಕತ್ತಿದ್ವು. ಕಡೀಕ ಆ ವರ್ಷದ ಪೀಕ ಹೋಗತೈತಿ ಅನಿಸಿದಾಗ, ಹಲ್ಲ ಕಚ್ಚಿ ಫೋನ್ ಮಾಡಿದ್ನಿ. ಆಂವ ಬ್ಯಾರೇಯವ್ರ ಪಾಳಿ ಬಿಟ್ಟ, ಮರುದಿನ ಮುಂಜಾನೆ ಗಾಡಿ ತಗೊಂಡ ಬಂದ.

ನೀರಿಗೆ ಎಣ್ಣಿ ಕಲಸಿ ಟಾಕಿ ತುಂಬಿ ಹೊಲಕ್ಕ ಇಳಿಸಿದ. ಊರ ಮಂದಿ ಎಲ್ಲಾ ಬದುವಿನ ಮ್ಯಾಲ. ರೆಕ್ಕಿ ಬಿಚ್ಕೊಂಡ ಗಾಡಿ ನನ್ನ ಜೋಳದ ಮ್ಯಾಲ ಹೊಂಟಿದ್ದನ್ನ ನೋಡಿದ್ನಿ. ಇದು ನನ್ನದ ಇರಬೇಕಿತ್ತು ಅನಿಸ್ತು. ಹಂಗ ಅನಿಸಿದ್ದ ತಡಾ, ಇಂಜಿನ್ ಡಬ್ ಅಂತ ಬಂದ್ ಆತು.

ಚಾವಿ ತಿರುವಿದ್ರ ಇಲ್ಲ, ವೈರ್ ಬಿಗಿ ಮಾಡಿದ್ರ ಇಲ್ಲ. ಸಂಕೇಶ್ವರದ ಮೆಕ್ಯಾನಿಕ್ ನಾಳಿಗೆ ಬರ್ತೀನಿ ಅಂದ. ಕಲಸಿದ ಎಣ್ಣಿ ನಾಳಿತನಕ ಇಟ್ರ ಕೆಲಸಕ್ಕ ಬರೂದಿಲ್ಲ, ಹುಳಕ್ಕ ನಾಳಿ ಅನ್ನೂದ ಗೊತ್ತಿಲ್ಲ.

ನಮ್ಮ ಅತ್ತಿ ಆವಾಗ ಮಗಳ ಕಡೆ ಅಂತ ನಮ್ಮ ಮನ್ಯಾಗ ಇದ್ರು. ಬಂದ ನೋಡಿ, "ನೆದರ ಆಗೇತಿ, ಯಾರದೋ ಕಣ್ಣ ಬಿದ್ದೈತಿ" ಅಂದ್ರು. ಮುಷ್ಟಿ ತುಂಬ ಉಪ್ಪು ಮೆಣಸಿನಕಾಯಿ ಹಿಡದು ಗಾಡಿಗೆ ಇಳಿ ತೆಗಿಯಾಕ ನಿಂತ್ರು.

"ನಾಯಿ ಕಣ್ಣ, ನರಿ ಕಣ್ಣ, ಹೋಗಾವ್ರ ಕಣ್ಣ, ಬರಾವ್ರ ಕಣ್ಣ, ಓಣಿಯವ್ರ ಕಣ್ಣ..."

ಷಡ್ಡಕ ಚಾವಿ ತಿರುವಿದ. ಗಾಡಿ ಪಿಟ್ಟ ಅನಲಿಲ್ಲ.

ಆವಾಗ ನನ್ನ ಹೆಂಡ್ತಿ ಹೋಗಿ ಅವ್ವನ ಕಿವ್ಯಾಗ ಏನೋ ಅಂದ್ಲು. ಅತ್ತಿ ನನ್ನ ಕಡೆ ನೋಡಿದ್ರು. ಸೆರಗ ಸರಿ ಮಾಡ್ಕೊಂಡ್ರು. "ತಪ್ಪ ತಿಳ್ಕೋಬ್ಯಾಡ್ರಿ," ಅಂತ ಹೇಳಿ ದನಿ ಸಣ್ಣ ಮಾಡಿ ಅಂದ್ರು, "ಹಿರೇ ಅಳಿಯಾರ ಕಣ್ಣ..."

ಇಂಜಿನ್ ಕೆಮ್ಮಿತು! ಡುರ್ರ್ ಅಂದು ಮತ್ತ ಬಂದ್ ಆತು.

ಊರಿಗೆ ಊರ ನನ್ನ ಕಡೆ ತಿರುಗಿತು. ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಅಷ್ಟರಾಗ ನನ್ನ ಮುಂದಿನ ಸುಳಿಯಿಂದ ಒಂದ ಹುಳ ತಲಿ ಎತ್ತಿ ನೋಡಿತು. ಮಾನಾ ಹೋದ್ರ ಹೋಗ್ಲಿ, ಪೀಕ ಉಳೀಲಿ!

"ಅತ್ತೀ," ಅಂತ ಒದರಿದ್ನಿ, "ಎರಡೂ ಕಣ್ಣ ಅನ್ರಿ!"

"ಹಿರೇ ಅಳಿಯಾರ ಎರಡೂ ಕಣ್ಣ!" ಅಂದ್ರು ಅತ್ತಿ, ಹೊಲಕ್ಕ ಹೊಲಾ ಕೇಳೂ ಹಂಗ.

ಡುಗುಡುಗು ಅಂತ ಗಾಡಿ ಚಾಲೂ ಆತು. ಮಂದಿ ಸೀಟಿ ಹೊಡದ್ರು, ಟಾವೆಲ್ ಹಾರಿಸಿದ್ರು. ನನ್ನ ಜೋಳಕ್ಕ ಎಣ್ಣಿ ಬೀಳೂದನ್ನ ಕಣ್ಣ ತುಂಬ ನೋಡೂಣಂತ ಒಂದ ಹೆಜ್ಜಿ ಮುಂದ ಬಂದ್ನಿ. ಹೆಂಡ್ತಿ ಹೆಗಲ ಹಿಡದು ನನ್ನ ಹಿಂದಕ ತಿರುವಿ ನಿಲ್ಲಿಸಿದ್ಲು.

"ನೀವು ರಸ್ತೆ ಕಡೆ ಮಾರಿ ಮಾಡಿ ನಿಂದರ್ರಿ. ಅರ್ಧಾ ಹೊಲಾ ಇನ್ನೂ ಉಳದೈತಿ."