ಕುಲಾಯಿಗೆ ಹಾಕಿದ ಕೆಂಪು ಅಂಚು

ಸೀರೆಗೆ ಅಂಚು ನೇಯುವವನಿಗೆ ಕೂಸಿನ ತಲೆಗೆ ಹಾಕುವ ಕುಲಾಯಿಗೆ ಅಂಚು ಹಾಕುವುದು ಒಂದು ಕೆಲಸವೇ? ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟು ಗಜೇಂದ್ರಗಡದ ನಮ್ಮ ಮನೆಯ ಮಗ್ಗಕ್ಕೆ ಇಳಿದವನು ನಾನು. ಇಳಿದ ಮೇಲೆ ಇನ್ನೊಬ್ಬರಿಂದ ಕಲಿಯುವಂಥದ್ದು ಏನೂ ಉಳಿದಿಲ್ಲವೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಅಕ್ಕ ಗೌರವ್ವ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಬಿಳಿ ಉಣ್ಣೆಯಲ್ಲಿ ಕುಲಾಯಿ ಹೆಣೆದಿದ್ದಳು.

"ತಮ್ಮಾ, ಬೋಳ ಬೋಳ ಕಾಣ್ತೈತಿ ನೋಡು. ಬೀಗರ ಮನಿಗೆ ಹ್ಯಾಂಗ ಒಯ್ಯೂದು?"

"ಕೊಡಬೇ ಅಕ್ಕ ಇಲ್ಲೆ. ಕೆಂಪು ಅಂಚು ಹಾಕಿ ಕೊಡ್ತೇನಿ," ಅಂದೆ.

ದಪ್ಪ ಸೂಜಿಗೆ ಕೆಂಪು ಉಣ್ಣೆ ಪೋಣಿಸಿದೆ. ಹೆಣಿಗೆಯ ಒಂದು ಕುಣಿಕೆಯ ಮೇಲೆ, ಮುಂದಿನದರ ಕೆಳಗೆ, ಹೀಗೆ ಸುತ್ತಲೂ. ಅಕ್ಕ ಹೆಣೆದದ್ದೇ ಹಾಸು, ನನ್ನ ಉಣ್ಣೆಯೇ ಹೊಕ್ಕು, ಸೂಜಿಯೇ ಲಾಳಿ! ಮಗ್ಗದಲ್ಲಿ ಹೊಕ್ಕು ಸಡಿಲಾದರೆ ಸೀರೆ ಜಾಳಾಗುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಜಗ್ಗಿದೆ. ಎಂಟು ಸುತ್ತು ಜಗ್ಗಿದೆ. ಹೆಣೆದದ್ದು ಹಿಗ್ಗಬೇಕು, ಹಿಗ್ಗಿದರೇ ತಲೆಗೆ ಇಳಿಯುತ್ತದೆ ಎಂಬ ಸಂಗತಿ ನನಗೆ ಹೇಗೆ ಹೊಳೆಯಬೇಕು? ಸೀರೆಯನ್ನು ಯಾರೂ ತಲೆಯ ಮೇಲಿಂದ ತೊಡುವುದಿಲ್ಲ!

ಮುಗಿದಾಗ ಕುಲಾಯಿ ಎಲೆಯಡಿಕೆ ಸಂಚಿಯ ಬಾಯಿಯಂತೆ ಕೂಡಿಕೊಂಡಿತ್ತು. ನೋಡಿದೆ. ತಪ್ಪಿದ್ದು ಗೊತ್ತಾಯಿತು. ಬಿಚ್ಚಲು ಮರ್ಯಾದೆ ಅಡ್ಡ ಬಂತು. ಕಾಗದದಲ್ಲಿ ಸುತ್ತಿ ಅಕ್ಕನ ಚೀಲದಲ್ಲಿ ಇಟ್ಟುಬಿಟ್ಟೆ.

ನರಗುಂದದ ಬೀಗರ ಮನೆಯಲ್ಲಿ, ತೊಟ್ಟಿಲ ಮುಂದೆ, ಎಲ್ಲ ಹೆಂಗಸರ ನಡುವೆ ಅಕ್ಕ ಕೂಸಿಗೆ ಕುಲಾಯಿ ಹಾಕಲು ಹೋದಳು. ಅದು ನೆತ್ತಿಯ ಮೇಲೆ ನಿಂತಿತು. ಅಲ್ಲಿಂದ ಇಳಿಯಲೊಲ್ಲದು! ಕೂಸು ಕಿರುಚಿತು.

"ಏನ್ರಿ ಬೀಗತ್ಯಾರ," ಅಂದರು ಅಕ್ಕನ ಸೊಸೆಯ ತಾಯಿ, "ಮೊಮ್ಮಗನ ತಲಿ ನೋಡಿ ಹೆಣದೀರೋ, ನಿಂಬಿಹಣ್ಣು ನೋಡಿ ಹೆಣದೀರೋ?"

ಎಲ್ಲರೂ ನಕ್ಕರು. ಅಕ್ಕ ಕುಲಾಯಿಯನ್ನು ತಿರುವಿ ತಿರುವಿ ನೋಡಿದಳು. ಆಗ ನಾನು ಬಾಯಿ ಬಿಟ್ಟೆ. ನಿಜ ಹೇಳಲು ಅಂದುಕೊಂಡಿರಾ?

"ಅಕ್ಕಗ ಈಗೀಗ ಕಣ್ಣು ಮಂಜ ಆಗ್ಯಾವ್ರಿ. ಅಳತಿ ತಪ್ಪೈತಿ."

ತಿರುಗಿ ಬರುವಾಗ ರೋಣದಲ್ಲಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ಅಕ್ಕ ಚೀಲದಿಂದ ಹೆಣೆಯುವ ಕಡ್ಡಿ ತೆಗೆದು ನನ್ನ ಕೈಗಿಟ್ಟಳು.

"ನಿನ್ನ ಕೈಯಂತೂ ತಪ್ಪಂಗಿಲ್ಲ. ಖರೇನ ನನ್ನ ಕಣ್ಣ ಹೋದ್ವು ತಮ್ಮಾ. ಇವನ್ನ ಯಾರಿಗರ ಕೊಟ್ಟಬಿಡು."

ಓಣಿಯ ಹೆಂಗಸರು ಹೆಣಿಗೆ ಕಲಿಯಲು ಸಂಜೆ ಅವಳ ಕಟ್ಟೆಗೇ ಬರುತ್ತಿದ್ದರು. ಅವಳ ಮರ್ಯಾದೆಯೆಲ್ಲ ಆ ಎರಡು ಕಡ್ಡಿಗಳಲ್ಲಿತ್ತು. ನನ್ನದನ್ನು ಉಳಿಸಿಕೊಳ್ಳಲು ಅದನ್ನೇ ಮುರಿದಿದ್ದೆ.

ಮೂರು ದಿನ ಅವಳ ಕಟ್ಟೆ ಖಾಲಿ ಇತ್ತು. ನಾಲ್ಕನೇ ದಿನ ಕಡ್ಡಿ ಹಿಡಿದುಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ಚೀಲದಿಂದ ಕುಲಾಯಿ ತೆಗೆದು ಕೆಂಪು ಎಳೆ ಕತ್ತರಿಸಿ ಜಗ್ಗಿದಳು. ಕುಲಾಯಿ ಉಸಿರು ಬಿಟ್ಟಂತೆ ಅಗಲವಾಯಿತು.

"ಬಿಗಿ ಮಾಡಿದ್ದಕ್ಕ ಸಿಟ್ಟಿಲ್ಲೋ. ಅಷ್ಟ ಮಂದ್ಯಾಗ ನನ್ನ ಕುರುಡಿ ಮಾಡಿದ್ಯಲ್ಲ! ಹಚ್ಚು ಬೀಗತಿಗೆ ಫೋನ್. ನೀನ ಹೇಳು."

ಹಚ್ಚಿದೆ. ಹೇಳಿದೆ. ಆ ಕಡೆಯ ನಗು ಓಣಿಗೆಲ್ಲ ಕೇಳಿತು!

ಅಕ್ಕ ಕಡ್ಡಿ ಇಸಿದುಕೊಂಡಳು.

"ಇನ್ನೊಂದು ಹೆಣೀತೇನಿ. ಬಣ್ಣದ ಎಳಿ ನಾನ ಸಡ್ಲ ಪೋಣಿಸ್ತೇನಿ. ನೀ ಉಂಡಿ ಹಿಡಕೊಂಡು ಸುಮ್ಮನ ಕೂಡು."

ಮೂವತ್ತು ವರ್ಷ ಸೀರೆ ನೇಯ್ದ ನಾನು ಈಗ ಉಣ್ಣೆಯ ಉಂಡೆ ಹಿಡಿದು ಕುಳಿತಿದ್ದೇನೆ. ಅದೂ ಎರಡು ಸಲ ಕೈಜಾರಿ ಮಂಚದ ಕೆಳಗೆ ಹೋಯಿತು!