ಸೋದರಮಾವ ತೂತು ನಿಷೇಧಿಸಿದ್ದು

ತೂತುಗಳ ಹಂಗೇ ಇಲ್ಲದ ಚಿಪ್ ಮಾಡಿ ಲೋಕಕ್ಕೆ ತೋರಿಸುತ್ತೇನೆಂದು ಹೊರಟವನು ನಾನು. ತೋರಿಸಿದೆ ಕೂಡ. ನೋಡಿದವರು ಇನ್ನೂ ಚೇತರಿಸಿಕೊಂಡಿಲ್ಲ.

ಹೊಸೂರಿನ ಒಂದು ಸಣ್ಣ ಕಚೇರಿಯಲ್ಲಿ ಚಿಪ್‌ನೊಳಗಿನ ತಂತಿಗಳ ನಕ್ಷೆ ಮಾಡುವುದು ನನ್ನ ಕೆಲಸ. ಚಿಪ್ ಎಂದರೆ ಮಹಡಿ ಮೇಲೆ ಮಹಡಿ ಕಟ್ಟಿದ ಮನೆ ಎಂದುಕೊಳ್ಳಿ. ದುಡಿಯುವ ಭಾಗಗಳೆಲ್ಲ ನೆಲಮಹಡಿಯಲ್ಲಿ, ಅವನ್ನು ಜೋಡಿಸುವ ತಂತಿಗಳು ಮೇಲಿನ ಮಹಡಿಗಳಲ್ಲಿ. ತಂತಿ ಕೆಳಗಿಳಿಯಲು ಸಣ್ಣ ತೂತು ಬೇಕು. ಅದಕ್ಕೆ ನಾವು ವಯಾ ಎನ್ನುತ್ತೇವೆ. ಯಾವ ಮಹಡಿಯಲ್ಲಿ ತಂತಿ ಓಡಬಹುದು, ಎಲ್ಲಿ ತೂತು ಬೀಳಬಹುದು ಎಂದು ನಿಯಮ ಬರೆದುಕೊಟ್ಟರೆ ಸಾಫ್ಟ್‌ವೇರ್ ತಾನೇ ತಂತಿ ಎಳೆಯುತ್ತದೆ.

ಒಂದು ಶನಿವಾರ ನಮ್ಮ ತಂಡದ ಲೀಡ್ ಸೆಂದಿಲ್ ಸಾರ್ ಹೇಳಿದ್ದು ಎರಡೇ ಮಾತು. ಮೇಲಿನ ಎರಡು ಮಹಡಿ ಕರೆಂಟಿನ ತಂತಿಗೆ ಮೀಸಲು, ಅಲ್ಲಿಗೆ ಬೇರೆಯವನ್ನು ಬಿಡಬೇಡ. ತೂತು ಆದಷ್ಟು ಕಡಿಮೆ ಇರಲಿ. ಭಾನುವಾರ ಸಂಜೆಗೆ ನಕ್ಷೆ ಗಿರಾಕಿಯ ಕೈ ಸೇರಬೇಕಿತ್ತು.

ನನಗೋ ಅವಸರ. ಅದೇ ಭಾನುವಾರ ನಾಟ್ರಾಂಪಾಳ್ಯದಲ್ಲಿ ನನ್ನ ತಂಗಿಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆ ಮೇಲೆ ಕೂರಬೇಕು. ಹಿರಿಯ ಮಾವ ನಾನು!

"ನೀವು ಹೊತ್ಗೆ ಸರ್ಯಾಗಿ ಇರ್ಲಿಲ್ಲ ಅಂದ್ರೆ ನಿಮ್ ತಂಗಿ ಮುಖ ನೋಡಕ್ಕಾಗಲ್ಲ. ಬಿರ್‍ನೆ ಮುಗಿಸ್ಕಂಡು ಬನ್ನಿ" ಎಂದು ಹೆಂಡತಿ ಮಂಜುಳಾ ಎಚ್ಚರಿಸಿಯೇ ಕಳಿಸಿದ್ದಳು.

ಕಡಿಮೆ ತೂತು ಎಂಬುದು ಅಂಜುಬುರುಕರ ಮಾತು ಎನಿಸಿತು. ನೆಲಮಹಡಿಗೆ ಇಳಿಯುವ ತೂತುಗಳನ್ನು ಸಾರಾಸಗಟಾಗಿ ನಿಷೇಧಿಸಿದೆ. ಪಾಪ, ಸಾಫ್ಟ್‌ವೇರ್ ಮೇಲೆಲ್ಲ ತಂತಿಗಳನ್ನು ಅಂದವಾಗಿ ಎಳೆದು, ನೆಲಮಹಡಿಯ ತುಂಬ ಕೆಂಪು ಗುರುತು ಹಾಕಿ ಗೋಳಾಡಿತು. ಆ ಕೆಂಪು ಕಣ್ಣಿಗೆ ಚುಚ್ಚುತ್ತಿತ್ತು. ನೆಲಮಹಡಿಯನ್ನೇ ಕಂಪ್ಯೂಟರ್ ಪರದೆಯಲ್ಲಿ ಕಾಣದಂತೆ ಮರೆಮಾಡಿ, ತಪ್ಪು ಹುಡುಕು ಎಂದೆ. ಅದು ಕಾಣುವ ಮಹಡಿಗಳನ್ನಷ್ಟೇ ಹುಡುಕುತ್ತದೆಂಬ ಅಂಶ ನನ್ನ ಘನ ಗಮನಕ್ಕೆ ಬರಲಿಲ್ಲ. ತಪ್ಪು ಸೊನ್ನೆ! ಕಾರ್ಯವು ಯಶಸ್ವಿಯಾಗಿ ಸಂಪನ್ನಗೊಂಡಿದೆ ಎಂದು ಸಾರ್‌ಗೆ ತಿಳಿಸಿ, ಅವಲಪಲ್ಲಿಯ ಮನೆಗೆ ಬಂದು ಹೆಂಡತಿಗೆ ನನ್ನ ಸಾಧನೆ ವಿವರಿಸಿದೆ. ಅವಳು ಸೀರೆಗೆ ಇಸ್ತ್ರಿ ಹಾಕುತ್ತಾ ಹೂಂ ಎಂದಳು.

ಮರುದಿನ ನಾವಿಬ್ಬರೂ ಹತ್ತಿದ ಬಸ್ಸು ಅಂಚೆಟ್ಟಿ ತಲುಪಿದಾಗ ಸಾರ್ ಫೋನ್ ಬಂತು.

"ಎನ್ನಪ್ಪಾ ಇದು, ಒರು ವಯರ್ ಕೂಡ ಕೀಳೇ ಇರಂಗಲಿಯೇ."

ನಿಜ, ಒಂದು ತಂತಿಯೂ ಕೆಳಗಿಳಿದಿರಲಿಲ್ಲ. ನನ್ನ ಚಿಪ್‌ನಲ್ಲಿ ಯಾವುದಕ್ಕೂ ಯಾವುದರ ಸಂಬಂಧವೂ ಇರಲಿಲ್ಲ. ನಿಯಮ ಬರೆದವನು ನಾನಾದ್ದರಿಂದ ಪರಿಹಾರವನ್ನೂ ನನ್ನನ್ನೇ ಕೇಳಿದರು. ಗಾಬರಿಯಲ್ಲಿ, ನಿಯಮಗಳನ್ನೆಲ್ಲ ಕಿತ್ತುಹಾಕಿ ಮತ್ತೆ ಓಡಿಸಿ ಸಾರ್ ಎಂದುಬಿಟ್ಟೆ. ಬಸ್ಸು ಕಾಡಿನ ದಾರಿ ಹಿಡಿಯಿತು. ಸಿಗ್ನಲ್ ಹೋಯಿತು.

ಊರಲ್ಲಿ ಇಳಿದ ಮೇಲೆ ಜ್ಞಾನೋದಯವಾಯಿತು. ಎಲ್ಲ ನಿಯಮ ಎಂದರೆ ಮೇಲಿನ ಎರಡು ಮಹಡಿಯ ಕಾವಲೂ ಸೇರಿತು! ತಂಗಿಯ ಮನೆಯಂಗಳದಲ್ಲಿ ಆಚಾರಿ ಆಗಲೇ ಚಾಪೆ ಮೇಲೆ ಕೂತು ಸೂಜಿ ಒರೆಸುತ್ತಿದ್ದರು. ಒಂದೇ ನಿಮಿಷ ಎಂದು ಹೇಳಿ, ರೇಷ್ಮೆ ಪಂಚೆ ಎತ್ತಿಕಟ್ಟಿ, ಸಿಗ್ನಲ್ ಸಿಗುವ ಊರಾಚೆಯ ಬಂಡೆ ಹತ್ತಿ ಸಾರ್‌ಗೆ ಫೋನ್ ಮಾಡಿದೆ. ಅಂದುಕೊಂಡಂತೆಯೇ ಸಿಕ್ಕಸಿಕ್ಕ ತಂತಿಗಳು ಮೇಲಕ್ಕೆ ನುಗ್ಗಿ, ಕರೆಂಟಿನ ತಂತಿಗೆ ತಗುಲಿ, ಚಿಪ್ ತುಂಬ ಶಾರ್ಟ್ ಆಗಿತ್ತು. ಮೇಲಿನ ಕಾವಲು ಹಾಗೇ ಇರಲಿ, ಕೆಳಗಿನ ತೂತಿನ ನಿಷೇಧ ಮಾತ್ರ ತೆಗೆಯಿರಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಮೇಯುತ್ತಿದ್ದ ಆಡುಗಳೂ ತಲೆಯೆತ್ತಿ ಕೇಳಿಸಿಕೊಂಡವು. ಕೊನೆಗೆ ಎಲ್ಲ ಸರಿಹೋಯಿತು ಎಂದರು ಸಾರ್.

ಗೆದ್ದ ಖುಷಿಯಲ್ಲಿ ಇಳಿದು ಬಂದರೆ ಮಗು ನನ್ನ ತಮ್ಮನ ತೊಡೆ ಮೇಲಿತ್ತು. ಒಳ್ಳೆಯ ಹೊತ್ತು ಮೀರುತ್ತದೆಂದು ಒಂದು ಕಿವಿ ಚುಚ್ಚಿ ಆಗಿತ್ತು.

"ಆಫೀಸ್ನಾಗೆ ತೂತೇ ಬ್ಯಾಡ ಅಂತೀರ, ಇಲ್ಲಿ ತೂತಾಕೋ ಹೊತ್ಗೆ ಆಳೇ ಇಲ್ಲ" ಎಂದಳು ಮಂಜುಳಾ.

ತಂಗಿ ಮಾತ್ರ ಬಯ್ಯಲಿಲ್ಲ. "ಇನ್ನೊಂದು ಕಿವಿ ನಿಂಗೇಂತ್ಲೇ ಉಳ್ಸಿವ್ನಿ ಕಣಣ್ಣ. ಬಾ, ಕೂತ್ಕ."

ಕಣ್ಣು ತುಂಬಿ ಬಂತು. ಕೂತೆ. ಮೊದಲ ಕಿವಿಯ ಹೊತ್ತಿಗೆ ಮಗು ನಿದ್ದೆಗಣ್ಣಲ್ಲಿತ್ತಂತೆ, ಹೆಚ್ಚು ಅಳಲಿಲ್ಲವಂತೆ. ಈಗ ಅದಕ್ಕೆ ಎಲ್ಲ ತಿಳಿದುಹೋಗಿತ್ತು. ನನ್ನ ತೊಡೆ ಮೇಲೆ ಕಿರುಚಿತು, ಒದೆಯಿತು, ಮೂಗು ಪರಚಿತು.

ಈಗಲೂ ಆ ಹುಡುಗಿ ನನ್ನ ತಮ್ಮನನ್ನು ಕಂಡರೆ ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ನನ್ನನ್ನು ಕಂಡರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಕಚೇರಿಯಲ್ಲಿ, ನಿಯಮ ನಾನು ಬರೆಯುತ್ತೇನೆ ಎಂದರೆ ಸೆಂದಿಲ್ ಸಾರ್ ಮಾಡುವುದೂ ಅದನ್ನೇ.